ಒಂದೇ ಚಾರ್ಜರು

ಮಂಡಿಪೇಟೆಯ ಅಂಗಡಿಯಲ್ಲಿ ಗಾಜಿನ ಮೇಜಿನ ಮೇಲೆ
ಮೂರು ಪೆಟ್ಟಿಗೆ ಬಾಯಿ ತೆರೆದು ಕೂತಿವೆ.
ಈ ಕಡೆ ನಾನು, ಆ ಕಡೆ ದಾದಾಪೀರ,
ನಡುವೆ ಎಂಟು ತಿಂಗಳು.

ಮಾತೆಲ್ಲ ಅಂಗಡಿಯ ಪಾರಸಮಲ್ಲರ ಮೂಲಕ.
"ವೋಲ್ಟು ಹದಿನೆಂಟೇ ಇರಲಿ ಅನ್ರಿ ಅವನಿಗೆ."
"ಹನ್ನೆರಡು ಸಾಕು ಅಂತ ನಾನೆಲ್ಲಿ ಅಂದೆ, ಕೇಳ್ರಿ."
ಪಾಪ, ಅವರು ಟೇಬಲ್ ಫ್ಯಾನಿನ ಹಾಗೆ
ಇಬ್ಬರ ಕಡೆಗೂ ಕತ್ತು ತಿರುಗಿಸುತ್ತಾರೆ.

ಆಗಿದ್ದಿಷ್ಟೆ: ಯಾರದೋ ಮನೆಯ ವಾರ್ಡ್‌ರೋಬು,
ಹನ್ನೊಂದು ನೂರರ ಲೆಕ್ಕ.
ಕೊಟ್ಟೆ ಅಂದ ಅವನು, ಬಂದಿಲ್ಲ ಅಂದೆ ನಾನು.
ಹಳೆಯ ವಯರಿನ ಡ್ರಿಲ್ಲು ಅವನ ಪಾಲಿಗೆ ಹೋಯಿತು,
ಬಿಟ್ಟುಗಳ ಡಬ್ಬಿ ನನ್ನ ಪಾಲಿಗೆ.
ತಿರುಗುವುದಿತ್ತು ಅವನಲ್ಲಿ, ಮೊನೆಯಿಲ್ಲ.
ಮೊನೆಯಿತ್ತು ನನ್ನಲ್ಲಿ, ತಿರುಗಿಸುವವರಿಲ್ಲ.

ಈಗ ಶಾಮನೂರು ರಸ್ತೆಯಲ್ಲಿ ಹೊಸ ಹಾಸ್ಟೆಲ್ಲು,
ಅರವತ್ನಾಲ್ಕು ಕಪಾಟು, ನಾಲ್ಕು ಮಹಡಿ,
ಕರೆಂಟಿನ ಮೀಟರು ಇನ್ನೂ ಕೂತಿಲ್ಲ.
ಒಬ್ಬನಿಂದಾಗುವ ಕೆಲಸವಲ್ಲ,
ಒಬ್ಬನ ಜೇಬಿಗೆ ನಿಲುಕುವ ಯಂತ್ರವೂ ಅಲ್ಲ.

ಮೊದಲನೆಯದು ಹಗುರ. ಎತ್ತಿದರೆ ಹಿತ.
ಎರಡು ಆಂಪಿಯರ್ರಿನ ಬ್ಯಾಟರಿ,
ಮೂರನೇ ಕಪಾಟಿಗೇ ಉಸಿರು ಬಿಡುತ್ತದೆ.
ಎರಡನೆಯದು ನೋಡಲಿಕ್ಕೆ ಮದುಮಗ;
ಕೆಟ್ಟರೆ ಹುಬ್ಬಳ್ಳಿಗೆ ಕಳಿಸಬೇಕು,
ಹಿಡಿಯಲ್ಲಿ ನನ್ನ ಕಿರುಬೆರಳಿಗೆ ಜಾಗವಿಲ್ಲ.
ಮೂರನೆಯದರ ಗಿಳಿಹಸಿರು ನೋಡಿ ನಗು ಬಂತು,
ಬೆಲೆ ಕೇಳಿ ನಿಂತಿತು.
ಬ್ರಷ್‌ಲೆಸ್ ಮೋಟರು, ಐದು ಆಂಪಿಯರ್ರಿನ ಜೋಡಿ ಬ್ಯಾಟರಿ.
ಮೇಜಿನ ಮೇಲಿಟ್ಟರೆ ಬಿಂದಿಗೆಯ ಹಾಗೆ
ತಳ ಊರಿ ನಿಲ್ಲುತ್ತದೆ.

"ಕಥೆ ಸಾಕು, ಕಟ್ಟಿಗೆ ಕೊಡ್ರಿ" ಅಂದ ದಾದಾಪೀರ.
ಹುಡುಗ ಹಿತ್ತಲಿಂದ ಹೊತ್ತು ತಂದದ್ದು
ದಾವಣಗೆರೆಯ ಯಾವುದೋ ಮುಚ್ಚಿದ ಮಿಲ್ಲಿನ ತೇಗದ ತೊಲೆಯ ತುಂಡು,
ಹತ್ತಿಯ ಧೂಳು ಕುಡಿದು ಕುಡಿದು ಕಬ್ಬಿಣವಾದದ್ದು.
ಡ್ರಿಲ್ಲು ಹಿಡಿದೆ. ಹಲ್ಲು ಕಚ್ಚಿ ಇಳಿಯಿತು,
ಸುರುಳಿ ಸುರುಳಿ ಸಿಪ್ಪೆ, ಹಳೆ ಎಣ್ಣೆಯ ಘಮ.
ಅಪ್ಪನ ಬೈರಿಗೆಗೆ ಇದೇ ತೂತು
ಒಂದು ಎಲೆಯಡಿಕೆಯಷ್ಟು ಹೊತ್ತು.
ಅವರ ಎದೆಯ ಮೇಲೆ, ಬೈರಿಗೆಯ ಗುಬುಟು ಊರಿದಲ್ಲಿ,
ರೂಪಾಯಿಯಗಲ ಕಪ್ಪು ಕಲೆಯಿತ್ತು.
ಹೆಣಕ್ಕೆ ನೀರು ಹಾಕುವಾಗಲೂ ಇತ್ತು.

ಅವನು ಇಂಪ್ಯಾಕ್ಟು ಎತ್ತಿಕೊಂಡ, ನಾಲ್ಕಿಂಚಿನ ಸ್ಕ್ರೂ ಇಟ್ಟ.
ಮೊದಲು ಗುಂಯ್ ಅಂತ ಸಲೀಸು;
ಮರ ಬಿಗಿಯಾಗಿ ಹಿಡಿದ ಕೂಡಲೆ ಟರಟರಟರ,
ಒಳಗೊಂದು ಪುಟ್ಟ ಸುತ್ತಿಗೆ ಸುತ್ತುತ್ತಲೇ ಬಡಿದು
ತಲೆಯವರೆಗೂ ಕುಡಿದುಬಿಟ್ಟಿತು ಮರ.
ಅವನ ಮಣಿಕಟ್ಟು ಅಲುಗಲಿಲ್ಲ.
ಹೋದ ವರ್ಷ ಉಳುಕಿದ ಮಣಿಕಟ್ಟು ಅದು,
ನಾನೇ ಎಣ್ಣೆ ನೀವಿದ್ದೆ.

"ಕೈಗೆ ಹೆಂಗೈತಪಾ?"
ಬಾಯಿಂದ ಬಿದ್ದೇ ಹೋಯಿತು,
ಪಾರಸಮಲ್ಲರನ್ನು ದಾಟಿ ಹೋದ ಮೊದಲ ಮಾತು.
"ಏನೂ ಇಲ್ಲ" ಅಂದ. ಆಮೇಲೆ ಯಂತ್ರವನ್ನೇ ನೋಡುತ್ತ,
"ಕೊರೆಯೋದು ನಿಂದು, ಬಿಗಿಯೋದು ನಂದು."

ಇಪ್ಪತ್ತೆರಡು ಸಾವಿರದ ನಾನೂರು, ಅರ್ಧರ್ಧ.
ವಾರಂಟಿಗೆ ಹೆಸರು ಒಂದೇ ಹಿಡಿಯುತ್ತದಂತೆ ಕಂಪ್ಯೂಟರು.
"ಅವಂದೇ ಬರೀರಿ" ಅಂದೆವು, ಇಬ್ಬರೂ.
ಪಾರಸಮಲ್ಲರು ಕನ್ನಡಕ ಮೇಲೇರಿಸಿ
ದಾದಾಪೀರ ಮೌನೇಶಾಚಾರ್ ಅಂತ
ಒಬ್ಬನೇ ಮನುಷ್ಯನನ್ನು ಕುಟ್ಟಿ ಮುಗಿಸಿದರು.

ಯಂತ್ರ ಎರಡು, ಬ್ಯಾಟರಿ ಎರಡು, ಚಾರ್ಜರು ಒಂದೇ.
ಅದು ಆಜಾದ್ ನಗರಕ್ಕೋ ನಿಟುವಳ್ಳಿಗೋ
ತೀರ್ಮಾನವಾಗದೆ, ಎದುರಿನ ಹೋಟೆಲಿನ
ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಕೂತಿದ್ದೇವೆ.
ಕೆಂಪು ದೀಪ ಮಿಣುಕುತ್ತಿದೆ,
ಹಸಿರಾಗಲಿಕ್ಕೆ ಇನ್ನೂ ಮುಕ್ಕಾಲು ತಾಸು.
ಹನ್ನೊಂದು ನೂರರ ಮಾತು ಯಾರೂ ಎತ್ತಿಲ್ಲ.
ಎರಡು ಮಂಡಕ್ಕಿ ಹೇಳಿದ್ದಾನೆ,
ಒಂದಕ್ಕೆ ಖಾರ ಕಡಿಮೆ.