ಹದಿನೇಳನೆಯ ತಗಡು

ಗಾಯ ಮಾಡುವುದಕ್ಕೇ ಸಂಬಳ ಅವಳಿಗೆ.
ಫಾರೋ ದ್ವೀಪದ ಕಡಿದಾದ ಅಂಚಿನಲ್ಲಿ
ಕಡಲಿಗೆ ಎದೆಯೊಡ್ಡಿ ವಾಲಿದ ಮರದ ಚೌಕಟ್ಟು,
ಅದಕ್ಕೆ ಬಿಗಿದ ಉಕ್ಕಿನ ತಗಡು ನಲವತ್ತು,
ಎಲ್ಲಕ್ಕೂ ಒಂದೇ ಬೂದು ಬಣ್ಣ.
ಮಾರ್ಯುನ್ ಮಂಡಿಯೂರಿ, ಅಳತೆಪಟ್ಟಿ ಇಟ್ಟು
ಗೀರುತ್ತಾಳೆ: ಈ ಮೂಲೆಯಿಂದ ಆ ಮೂಲೆಗೆ ಒಂದು,
ಅದಕ್ಕೆ ಅಡ್ಡಲಾಗಿ ಇನ್ನೊಂದು,
ಒಳಗಿನ ಬೆಳ್ಳಿಹೊಳಪು ಕಣ್ಣಿಗೆ ಬೀಳುವ ತನಕ.

ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ಇಲ್ಲಿ ಉಪ್ಪೇ ನೀರನ್ನು ಕೈಹಿಡಿದು ಕರೆತಂದು
ಬಿರುಕಿನ ಬಾಯಿಗೆ ಹನಿಹನಿ ಹೊಯ್ಯುತ್ತದೆ;
ಕಬ್ಬಿಣ ಕುಡಿಯುತ್ತದೆ, ಕೆಂಪಗಾಗುತ್ತದೆ,
ಉಬ್ಬುತ್ತದೆ, ಪದರ ಪದರವಾಗಿ
ತಾನು ಬಂದ ಮಣ್ಣಿಗೆ ಹೊರಡುತ್ತದೆ.

ಆದರೆ ಈ ಬಣ್ಣದ ಹೊಟ್ಟೆಯೊಳಗೆ
ಕಣ್ಣಿಗೆ ಕಾಣದ ಮೊಟ್ಟೆಗಳಿವೆ, ಲಕ್ಷಾಂತರ,
ಒಂದೊಂದರಲ್ಲೂ ಅಗಸೆ ಎಣ್ಣೆಯ ತೊಟ್ಟು.
ಗೀರಿದ ಕಡೆ ಒಡೆಯುತ್ತವೆ;
ಎಣ್ಣೆ ಒಸರಿ, ಗಾಳಿ ಸೋಕಿ, ಗಟ್ಟಿಯಾಗಿ
ಎರಡು ದಿನಕ್ಕೆ ಒಂದು ತೆಳು ಹಕ್ಕಳೆ.
ಯಾರನ್ನೂ ಕೂಗುವುದಿಲ್ಲ.

ಊಟಕ್ಕೆ ಕೂತಾಗ ಇದನ್ನು ಅಪ್ಪನಿಗೆ ಹೇಳಿದಳು.
ದಾನ್ಯಾಲ್, ಮೂವತ್ತೊಂದು ವರ್ಷ ಹಡಗುಕಟ್ಟೆಯಲ್ಲಿ
ಮೀನುಹಡಗುಗಳ ಪಕ್ಕೆಗೆ ತೂಗುಹಲಗೆ ಇಳಿಬಿಟ್ಟು
ಸುತ್ತಿಗೆಯಿಂದ ತುಕ್ಕು ಕೆತ್ತಿದವನು.
ಎಡಗಿವಿಗೆ ಇವತ್ತಿಗೂ ಆ ಟಣ್ ಟಣ್ ಬಿಟ್ಟರೆ
ಬೇರೇನೂ ಕೇಳದು.
"ತಾನೇ ಮಾಯುವ ಬಣ್ಣ?" ಅಂದ,
"ನಮ್ಮ ಕಾಲದ ಬಣ್ಣ ಮಾಯಬೇಕಾದರೆ ನಾನು ಬೇಕಿತ್ತು."
ನಕ್ಕ. ನಗು ಬೇಗ ಮುಗಿಯಿತು.

ಭಾನುವಾರ ನೋಡಲು ಬಂದ. ಟೋಪಿ ಹಾರದಂತೆ ಹಿಡಿದು,
ಕನ್ನಡಕ ಒರೆಸಿ, ಮತ್ತೆ ಒರೆಸಿ, ಉಪ್ಪು ಬಿಡಬೇಕಲ್ಲ,
ಹದಿನೇಳನೆಯ ತಗಡಿನ ಗೀರಿನ ಮೇಲೆ
ಹೆಬ್ಬೆರಳ ಉಗುರು ಎಳೆದ.
ಎಲ್ಲೂ ತಡೆಯಲಿಲ್ಲ ಉಗುರು.
"ಹ್ಞಾ" ಅಂದ. ಅಷ್ಟೇ.
ಗಾಳಿಯ ವೇಗ ಬರೆದುಕೊಳ್ಳಲು ಅವಳು ಆಚೆ ಹೋದಳು.

ತಿಂಗಳು ಕಳೆದು ಬಂದರೆ
ಮೂವತ್ತೊಂಬತ್ತು ತಗಡು ತೆಪ್ಪಗಿವೆ.
ಹದಿನೇಳು ಮಾತ್ರ ಅತ್ತಿದೆ, ಕೆಂಪಗೆ, ಗಲ್ಲದವರೆಗೆ.
ಬಗ್ಗಿ ನೋಡಿದಳು: ಅವಳ ಗೀರಿನ ಮೇಲೇ ಇನ್ನೊಂದು ಗೀರು,
ಅವಳದರಷ್ಟು ನೆಟ್ಟಗಿಲ್ಲ, ನಡುಕ ಹಿಡಿದದ್ದು,
ಬೀಗದ ಕೈಯ ಹಲ್ಲಿನಷ್ಟು ಅಗಲ.
ಒಡೆಯಬೇಕಾದ ಮೊಟ್ಟೆಗಳು ಅಲ್ಲಿ ಮೊದಲೇ ಒಡೆದಿದ್ದವು.
ಒಂದು ಜಾಗಕ್ಕೆ ಒಂದೇ ಸಲ.

ದಾಖಲೆ ಪುಸ್ತಕದಲ್ಲಿ ಮನೆಗಳಿವೆ:
ತಗಡು, ದಿನಾಂಕ, ಹಾನಿ, ಕಾರಣ.
ಕೊನೆಯ ಮನೆಯ ಬಾಗಿಲಲ್ಲಿ ಪೆನ್ನು ಬಹಳ ಹೊತ್ತು ನಿಂತಿತು.
ಕೆಳಗೆ ಕಡಲು ಬಂಡೆಗೆ ಬಡಿಯುತ್ತಿತ್ತು, ಟಣ್ ಅನ್ನದೆ.
'ಕುರಿ' ಎಂದು ಬರೆದಳು.

ರಾತ್ರಿ ಆಲೂಗಡ್ಡೆ ಸುಲಿಯುತ್ತ ಕೇಳಿದ,
"ನಿನ್ನ ತಗಡುಗಳು?"
"ಚೆನ್ನಾಗಿವೆ. ಒಂದಕ್ಕೆ ಕುರಿ ಮೈ ಉಜ್ಜಿದೆ."
ಚಾಕು ಒಂದು ಗಳಿಗೆ ತಡೆಯಿತು,
ಮತ್ತೆ ಸುತ್ತತೊಡಗಿತು.
"ಬೇಲಿ ಹಾಕಿಸು," ಅಂದ.
"ಈ ಕಡೆಯ ಕುರಿಗಳು ಮುದಿ, ಮೊಂಡು."