ಎಡಗಡೆಯ ಸೀಟು

ನಿಮ್ಮ ಮುಖಕ್ಕಿಂತ ಮೊದಲು
ನಿಮ್ಮ ಶ್ವಾಸಕೋಶ ನೋಡಿದವಳು ನಾನು.
ಮೇಣದಲ್ಲಿ ಹುದುಗಿಸಿ, ಮಂಜುಗಡ್ಡೆಯ ಮೇಲಿಟ್ಟು,
ಚಕ್ರ ತಿರುಗಿಸಿ ತಿರುಗಿಸಿ
ಈರುಳ್ಳಿ ಸಿಪ್ಪೆ ನಾಚುವಷ್ಟು ತೆಳ್ಳಗೆ ಹೆರೆದೆ,
ಬಿಸಿನೀರಲ್ಲಿ ತೇಲಿಬಿಟ್ಟು ಗಾಜಿನ ಮೇಲೆ ಹಿಡಿದೆ.
ಉಸಿರು ಬಿಗಿಹಿಡಿದೇ ಮಾಡಬೇಕು ಈ ಕೆಲಸ,
ಬಿಟ್ಟರೆ ಹಾರಿಹೋಗುತ್ತದೆ.

ಚೀಟಿಯಲ್ಲಿತ್ತು: ಪುಟ್ಟಲಕ್ಕಮ್ಮ, ನಲವತ್ತಾರು, ಹಾಸನ.
ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿಬೀಜ ಆರಿಸುವ ಕೆಲಸ.
ಕೆಮ್ಮು. ಕಫದಲ್ಲಿ ಏನೂ ಸಿಕ್ಕಿಲ್ಲ.
ಆದರೂ ಆರು ತಿಂಗಳು ಟಿಬಿ ಮಾತ್ರೆ.
ಉಚ್ಚೆ ಕೆಂಪಾಯಿತು, ಕೆಮ್ಮು ಹಾಗೇ ಇತ್ತು.
ಆಮೇಲೆ ಯಾರೋ ಧೂಳೆಂದರು.
ಆಮೇಲೆ ಯಾರೂ ಏನೂ ಅನ್ನಲಿಲ್ಲ.

ನಫೀಸಾ ಮೇಡಂ ಊಟದ ಡಬ್ಬಿ ಬಿಚ್ಚದೆ ಕೂತರು.
"ನೋಡಿಲ್ಲಿ, ರಕ್ತನಾಳದ ಗೋಡೆಯೊಳಗೇ ನುಗ್ಗಿವೆ."
ನೋಡಿದೆ: ಸಂಜೆ ಐದೂವರೆಯ ಬಸ್ಸಿನ ಬಾಗಿಲಲ್ಲಿ
ಮುಗಿಬಿದ್ದ ಹಾಗೆ ನೇರಳೆ ಚುಕ್ಕೆಗಳು.
ಇಪ್ಪತ್ತೆರಡು ವರ್ಷದಲ್ಲಿ ಎರಡನೆಯದಂತೆ.
ಲಿಂಫೊಮಟಾಯ್ಡ್ ಗ್ರ್ಯಾನ್ಯುಲೊಮಟೋಸಿಸ್.
ಹನ್ನೆರಡು ಅಕ್ಷರ. ನಾನು ಮೂರು ಸಲ ತಪ್ಪಾಗಿ ಟೈಪಿಸಿದೆ.
ಮುಂದೆ ಒಂದು ಪ್ರಶ್ನಾರ್ಥಕ ಹಾಕಿಸಿದರು ಮೇಡಂ,
ಕೊನೆಯ ಪರೀಕ್ಷೆ ಬೆಂಗಳೂರಲ್ಲೇ ಆಗಬೇಕು.

ನಿಮ್ಮೆಜಮಾನರು ಬಂದರು, ಸಹಿ ಹಾಕಿದರು,
ಮೇಣದ ಬಿಲ್ಲೆಯನ್ನು ಅಂಗೈಯಲ್ಲಿ ತೂಗಿ ನೋಡಿ
"ಇಷ್ಟೇನಾ?" ಅಂದರು.
ಬಿಸಿಲಿಗಿಡಬೇಡಿ, ಕರಗುತ್ತದೆ ಅಂದೆ.
"ಬೆಳಗಿನ ಬಸ್ಸಲ್ಲಿ ಬಿಸಿಲು ಯಾವ ಕಡೆ ಬೀಳ್ತದೆ ತಾಯಿ?"
ಎದ್ದು, ಪೂರ್ವಕ್ಕೆ ಮುಖಮಾಡಿ ನಿಂತು,
ಡಿಸೆಂಬರಿನ ಸೂರ್ಯನನ್ನು ಬಲಭುಜಕ್ಕೆ ತಂದುಕೊಂಡು ಹೇಳಿದೆ:
ಎಡಗಡೆ ಕೂತ್ಕೊಳ್ಳಿ.
ಆಸ್ಪತ್ರೆಯಲ್ಲಿ ಆವತ್ತು
ಪ್ರಶ್ನಾರ್ಥಕವಿಲ್ಲದ ಮಾತು ಅದೊಂದೇ.

ಆರು ಡ್ರಿಪ್ಪು, ಇಪ್ಪತ್ತೊಂದು ದಿನಕ್ಕೊಂದು.
ಮೊದಲನೆಯದಕ್ಕೆ ನಡುಕ ಬಂದು ಮಂಚ ಅಲುಗಿತಂತೆ.
ಇವತ್ತು ಬಿಲ್ಲೆ ವಾಪಸ್ ಕೊಡಲು ನೀವೇ ಬಂದಿರಿ.
ಐದು ಗಂಟಲ್ಲಿ ನಾಲ್ಕು ಕರಗಿವೆ,
ಐದನೆಯದಕ್ಕೆ "ನೋಡೋಣ" ಅಂದಿದ್ದಾರೆ.
ಗಾಜನ್ನು ಕಿಟಕಿಗೆ ಹಿಡಿದು ಕೇಳಿದಿರಿ:
"ಇದ್ರಲ್ಲಿ ಕೆಟ್ಟಿದ್ದು ಯಾವ್ದವ್ವಾ?"

ಮುಕ್ಕಾಲುಪಾಲು ಪಾಪದವು,
ಗದ್ದಲ ಕೇಳಿ ಓಡಿಬಂದವು ಅಷ್ಟೆ.
ನಡುವೆ ನಿಂತ ನಾಕಾರು ದೊಡ್ಡವೇ ನಿಜವಾದವು.

"ನಾತದ ಬೀಜ" ಅಂದಿರಿ ತಟ್ಟನೆ.
"ಒಂದಿದ್ರೆ ಮೂಟೆಯೆಲ್ಲ ಹಾಳು.
ಕಣ್ಣಿಗೆ ಸಿಕ್ಕಲ್ಲ, ಮೂಗಿಗೇ ಗೊತ್ತಾಗೋದು."
ಗಾಜನ್ನು ಮೂಗಿನ ಹತ್ತಿರ ತಂದು
ನಿಧಾನಕ್ಕೆ, ಪೂರ್ತಿ, ಎಳೆದುಕೊಂಡಿರಿ.
"ಬರೀ ಸೀಮೆಎಣ್ಣೆ ವಾಸ್ನೆ" ಎಂದು ನಕ್ಕಿರಿ.

ಆ ನಗು ಕೆಮ್ಮಾಗುತ್ತದೇನೋ ಎಂದು
ಉಸಿರು ಹಿಡಿದು ನಿಂತೆ.