ಕೊನೇ ಕಂತು, ಕೊನೇ ದೋಣಿ

ಬಂದರಿನಿಂದ ಬೆಂಗ್ರೆಗೆ ಕೊನೇ ದೋಣಿ ಒಂಬತ್ತೂವರೆಗೆ.
ಅವತ್ತು ಹತ್ತು ಹೊಡೆದರೂ ಹಗ್ಗ ಬಿಚ್ಚಲಿಲ್ಲ ನಾನು.
ತಪ್ಪು ನನ್ನದೇ, ಬರೆದುಕೊಳ್ಳಿ.
ಕಡಲ್ಗಳ್ಳರ ಧಾರಾವಾಹಿ ಮುಗಿಯುವ ರಾತ್ರಿ,
ಹಮೀದನ ಚಾದಂಗಡಿಯಲ್ಲಿ
ಮೂರು ಬೆಂಚಿಗೆ ಮೂವತ್ತು ಜನ.

ಮೂರು ವರ್ಷ ಬದುಕಿದ್ದೇವೆ ಆ ಕಪ್ಪು ಹಡಗಿನ ಜೊತೆ.
ಡಬ್ಬಿಂಗ್ ಕನ್ನಡ. ಕಪ್ತಾನ
"ಎಲೈ ಪಾಪಿಗಳಿರಾ" ಎಂದು ಗುಡುಗುವಾಗ
ಅವನ ತುಟಿ ಬೇರೇನೋ ಹೇಳುತ್ತಿತ್ತು;
ಸಿಟ್ಟು ಮಾತ್ರ ನಮ್ಮದೇ.
ಅವನನ್ನು ನಾವು ಕಪ್ತಾನ ಅನ್ನುತ್ತಿರಲಿಲ್ಲ,
ತಾಂಡೇಲ ಅನ್ನುತ್ತಿದ್ದೆವು.

ಅವನನ್ನು ಗಲ್ಲಿಗೇರಿಸುತ್ತಾರೆ ಅಂತ
ಬಲೆ ಹೆಣೆಯುವ ಸಂಜೀವ ಕರ್ಕೇರ
ಒಂದು ಬುಟ್ಟಿ ಬಂಗುಡೆ ಪಂಥ ಕಟ್ಟಿದ್ದ.
ದ್ವೀಪದ ಆ ವಿಧವೆಯನ್ನು ಮದುವೆಯಾಗುತ್ತಾನೆ,
ಆಗಲೇಬೇಕು ಅಂತ ಫಿಲೋಮಿನಾ ಬಾಯಿ.
ಹಮೀದನಿಗೆ ನಿಧಿಯದ್ದೇ ಚಿಂತೆ:
"ಪಾಲು ಹೇಗೆ ಮಾಡ್ತಾರೆ, ಅದು ತೋರಿಸಲಿ.
ಬೋಟಿಗೆಷ್ಟು, ತಾಂಡೇಲನಿಗೆಷ್ಟು,
ಅಡುಗೆ ಮಾಡಿದವನಿಗೆ ಎಂತ ಉಂಟು?"

ತೋರಿಸಲಿಲ್ಲ.
ತಾಂಡೇಲ ಬಾವುಟ ಇಳಿಸಿದ,
ಒಗೆದ ಲುಂಗಿ ಮಡಚಿದ ಹಾಗೆ ಮಡಚಿ
ಕಂಕುಳಲ್ಲಿ ಇಟ್ಟ.
ಒಬ್ಬನೇ ಪುಟ್ಟ ದೋಣಿಯಲ್ಲಿ ಹುಟ್ಟು ಹಾಕುತ್ತ
ದಡಕ್ಕೆ ಬಂದ. ಒಂದು ಮನೆ. ಒಂದು ದೀಪ.
ಕದ ತಟ್ಟಿದ.
ಕದ ಒಂದು ಬೆರಳಿನಷ್ಟು ತೆರೆಯಿತು

ಅಷ್ಟೇ.
ಕಪ್ಪು ಪರದೆ. ಯಾರ್ಯಾರದ್ದೋ ಹೆಸರುಗಳು
ಉಸಿರು ಕಟ್ಟಿಕೊಂಡು ಮೇಲಕ್ಕೆ ಓಡಿದವು.
ಆಮೇಲೆ ಬಟ್ಟೆ ಸೋಪಿನ ಜಾಹೀರಾತು.

"ಇದೆಂತ ಸಾವು ಮಾರಾಯ್ರೇ!"
"ಕರೆಂಟು ಹೋದದ್ದಾ?"
"ನಾಳೆ ಉಂಟಾ ಇನ್ನೊಂದು?"
ಮೂರು ವರ್ಷ ಜಪಸರದ ಹೊತ್ತನ್ನು
ಈ ಹಾಳು ಮನುಷ್ಯನಿಗೆ ಕೊಟ್ಟೆನಲ್ಲ ಅಂತ
ಫಿಲೋಮಿನಾ ಬಾಯಿ ಶಿಲುಬೆ ಗುರುತು ಹಾಕಿಕೊಂಡಳು.
"ಎದುರುಗಾಳಿಗೆ ಯಾವನಾದ್ರೂ
ಹಾಗೆ ಹುಟ್ಟು ಹಾಕ್ತಾನಾ?" ಅಂತ ಸಂಜೀವ,
ಬಂಗುಡೆ ಉಳಿಸಿಕೊಳ್ಳುವ ದಾರಿ ಹುಡುಕುತ್ತ.

ದೋಣಿ ಹತ್ತಿದರೂ ಮುಗಿಯಲಿಲ್ಲ.
ಕದ ತೆರೆದದ್ದು ಯಾರು?
ವಿಧವೆಯೇ. ಅಲ್ಲ, ಸಿಪಾಯಿಗಳು.
ಅಲ್ಲ, ಅವನ ತಾಯಿ; ಬಳೆಯ ಸದ್ದು ಕೇಳಲಿಲ್ಲವಾ?
ಬಳೆ ಅಲ್ಲ ಅದು, ಸಂಕೋಲೆ.
ಎಲ್ಲರೂ ಒಂದೇ ಬದಿಗೆ ಬಂದು
ದೋಣಿ ವಾಲಿತು. ಕೂತ್ಕೊಳ್ಳಿ ಅಂತ ಬೊಬ್ಬೆ ಹಾಕಿದೆ.

ಎಂಜಿನಿನ ಪಕ್ಕ ಮೊಯಿದಿನಬ್ಬ ಕೂತಿದ್ದರು.
ಸರಕಿನ ಹಡಗಲ್ಲಿ ಅಡುಗೆಯವರಾಗಿದ್ದವರು,
ನಿಜವಾದ ಕಡಲ್ಗಳ್ಳರ ಕೈಯಲ್ಲಿ
ತೊಂಬತ್ತಮೂರು ದಿನ.
ಅದು ಎಲ್ಲರಿಗೂ ಗೊತ್ತಿತ್ತು,
ಮೂರು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ.
ಕೇಳಿದ್ದು ನನ್ನ ಟಿಕೇಟು ಹರಿಯುವ ಹುಡುಗ:
"ನಿಮ್ದು ಹೇಗೆ ಮುಗೀತು, ಮೋನುಕ್ಕಾ?"

"ಒಂದು ಬೆಳಿಗ್ಗೆ ಎದ್ದು ನೋಡಿದ್ರೆ ಅವರಿಲ್ಲ.
ಕಾಸು ಮುಟ್ಟಿತ್ತು ಕಾಣ್ತದೆ.
ಒಂದು ಜೊತೆ ಹವಾಯಿ ಚಪ್ಪಲಿ ಬಿಟ್ಟು ಹೋಗಿದ್ರು,
ಚಿಕ್ಕ ಹುಡುಗನದ್ದು. ಗಂಜಿಗೆ ಸಕ್ಕರೆ ಹಾಕಿ ತಿನ್ನುವವ.
ನನ್ನ ಎದೆಗೆ ಬಂದೂಕು ಇಟ್ಟದ್ದೂ ಅವನೇ."

"ಆಮೇಲೆ ಅವ?"
"ನಂಗೆಂತ ಗೊತ್ತು.
ಚಪ್ಪಲಿ ಕಡಲಿಗೆ ಎಸೀಲಿಕ್ಕೆ ಹೋದೆ.
ಒಂದು ಎಸೆದೆ."

ಫಲ್ಗುಣಿಯ ನೀರು ಹಲಗೆಗೆ ಬಡಿಯುತ್ತಿತ್ತು.
ಯಾರೂ ಇನ್ನೊಂದರ ಬಗ್ಗೆ ಕೇಳಲಿಲ್ಲ.

ಬೆಂಗ್ರೆಯಲ್ಲಿ ಇಳಿಯುವಾಗ ಫಿಲೋಮಿನಾ ಬಾಯಿ
ಅರ್ಧ ದುಡ್ಡು ಕೊಟ್ಟಳು,
ಅರ್ಧ ಕಥೆಗೆ ಅರ್ಧ ಟಿಕೇಟು ಅಂತ.
ತಡ ಮಾಡಿದವ ನಾನು. ತೆಗೆದುಕೊಂಡೆ.

ನನ್ನ ತಕರಾರು ಬೇರೆಯೇ, ಯಾರಿಗೂ ಹೇಳಿಲ್ಲ.
ಕದ ಯಾರು ಬೇಕಾದರೂ ತೆರೆಯಲಿ.
ಆ ಪುಟ್ಟ ದೋಣಿಯನ್ನು ಅವ ಕಟ್ಟಲೇ ಇಲ್ಲ.
ಮರಳ ಮೇಲೆ ಹಾಗೇ ಬಿಟ್ಟು ನಡೆದ,
ಹಿಂದೆ ಉಬ್ಬರ ಏರುತ್ತಿತ್ತು, ನಾನು ನೋಡಿದೆ.
ಮೂರು ವರ್ಷ ತಾಂಡೇಲ ಅಂತ ಕರೆದೆವಲ್ಲ,
ಅವನನ್ನು.

ಮರುದಿನ ಒಂಬತ್ತೂವರೆಗೆ ಸರಿಯಾಗಿ ಹಗ್ಗ ಬಿಚ್ಚಿದೆ.
ಏಳು ಜನ.
ಹಮೀದನ ಟೀವಿಯಲ್ಲಿ ಯಾರೋ ಅತ್ತೆ
ಯಾರೋ ಸೊಸೆಯ ಹಾಲಿಗೆ ಏನೋ ಬೆರೆಸುತ್ತಿದ್ದಳು.
ಬಂಗುಡೆ ಇನ್ನೂ ಬಂದಿಲ್ಲ.